ಹರಾಜು ಗೆದ್ವಿ, ಮಾರಿದವರು ಮಾತಾಡವಲ್ರು!

ಅಣ್ಣಿಗೇರಿ ಎಪಿಎಂಸಿಯಲ್ಲಿ ಹರಾಜಾದ ಕಡಲೆ ಕಣ್ಣ ಮುಂದೇ ಇರ್ತದೆ. ಆನ್‌ಲೈನ್ ಹರಾಜಿನಲ್ಲಿ ಹಾಗಲ್ಲ. ಪ್ರಾಜೆಕ್ಟ್‌ಗೆ ಅಂತ ಹಳೇ ಆಸಿಲೋಸ್ಕೋಪ್ ಗೆದ್ದು ದುಡ್ಡು ಕಳಿಸಿದ ಮೇಲೆ ಮಾರಿದವರು ಫೋನೇ ಎತ್ತದಿದ್ದರೆ? ‘ಅವರು ದಿಲ್ಲಿಯವರು, ಹೋಗ್ಲಿ ಬಿಡು’ ಅಂತ ನವಲಗುಂದ, ಕುಂದಗೋಳದ ನಾವು ಸುಮ್ಮನಾಗಿಬಿಡ್ತೀವಿ. ಆದರೆ ದಿಲ್ಲಿಗೆ ಹೋಗೋದೇ ಬೇಕಿಲ್ಲ.

ಮೊದಲು ಬಿಡ್, ಪೇಮೆಂಟ್, ಚಾಟ್ ಎಲ್ಲದರ ಸ್ಕ್ರೀನ್‌ಶಾಟ್ ಇಟ್ಕೊಳ್ಳೋಣ. ಆಮೇಲೆ ಆ ಜಾಲತಾಣದ ದೂರು ಅಧಿಕಾರಿಗೆ ಬರೆಯೋಣ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ, ದೂರು ತಲುಪಿದೆ ಅಂತ ಅವರು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆಗಲಿಲ್ವಾ? ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡೋಣ.

ಕೊನೆಗೆ ಉಳಿಯೋದು ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವರು ಎಲ್ಲೇ ಇರಲಿ, ನಾವು ವಾಸ ಇರೋ ಜಿಲ್ಲೆಯಲ್ಲೇ, ಅಂದ್ರೆ ಧಾರವಾಡದಲ್ಲೇ ದೂರು ಕೊಡಬಹುದು. 2 ವರ್ಷದೊಳಗೆ ಕೊಡಬೇಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ಆದರೆ ಇದು ವ್ಯಾಪಾರ ಮಾಡೋರ ಮೇಲಿನ ದಾರಿ. ಮನೆಯ ಹಳೇ ಸಾಮಾನು ಮಾರಿದವರ ಮೇಲೆ ನಡೆಯೋದು ಕಷ್ಟ.

ಮಾರಿದವರೇ ನಕಲಿ ಅನ್ನಿಸಿದರೆ ಇಷ್ಟೆಲ್ಲಾ ಕಾಯಬಾರದು. ಕೂಡಲೇ 1930ಕ್ಕೆ ಫೋನ್ ಮಾಡಬೇಕು. ತಡ ಆದಷ್ಟೂ ದುಡ್ಡು ಕೈ ದಾಟಿ ಹೋಗ್ತದೆ.