ಓಲಾಡುವ ಒತ್ತಡ: ಟರ್ಬೊ ಕಾರಿನ ರೋಗ ಮತ್ತು ಅದರ ನಿದಾನ

ಟರ್ಬೊ ಅಳವಡಿಸಿದ ಪೆಟ್ರೋಲ್ ಕಾರೊಂದು ನೀಳವಾದ ಏರನ್ನು ಹತ್ತುತ್ತಿದೆಯೆಂದು ಭಾವಿಸೋಣ. ಚಾಲಕನು ಆಕ್ಸಿಲರೇಟರನ್ನು ಒಂದೇ ಸಮನೆ ಒತ್ತಿಹಿಡಿದಿದ್ದಾನೆ, ಕಾಲನ್ನು ಕದಲಿಸಿಲ್ಲ. ಆದರೂ ಗಾಡಿ ಒಮ್ಮೆ ಮುನ್ನುಗ್ಗುತ್ತದೆ; ಮರುಕ್ಷಣವೇ ಹಿಂದಿನಿಂದ ಯಾರೋ ಹಗ್ಗ ಕಟ್ಟಿ ಎಳೆದಂತೆ ಕುಗ್ಗುತ್ತದೆ; ಮತ್ತೆ ನುಗ್ಗುತ್ತದೆ. ೦.೮ ಬಾರ್ ಎಂಬಲ್ಲಿ ನೆಲೆನಿಲ್ಲಬೇಕಾದ ಒತ್ತಡಮಾಪಕದ ಮುಳ್ಳು ೦.೫ಕ್ಕೂ ೧.೦ಕ್ಕೂ ನಡುವೆ ಉಯ್ಯಾಲೆಯಾಡುತ್ತಿದೆ. "ಟರ್ಬೊ ಕೆಟ್ಟಿದೆ, ಹೊಸದನ್ನೇ ಹಾಕಬೇಕು" ಎಂಬ ತೀರ್ಪು ಇಂಥ ಸಮಯದಲ್ಲಿ ಸುಲಭವಾಗಿ ಹೊರಡುತ್ತದೆ. ಆದರೆ ಹೊಸ ಟರ್ಬೊವಿಗೆ ಹಣ ಸುರಿದ ಮೇಲೂ ಮುಳ್ಳು ಮೊದಲಿನಂತೆಯೇ ಓಲಾಡಬಹುದು. ಏಕೆಂದರೆ ದೋಷವು ಬೆರಳುದ್ದದ ರಬ್ಬರು ಕೊಳವೆಯೊಂದರ ಬಿರುಕಿನಲ್ಲಿ ಅಡಗಿರುವುದುಂಟು. ಇದನ್ನು ಪತ್ತೆಹಚ್ಚುವ ಕ್ರಮವು ಮೋಟಾರು ಕೆಲಸಗಾರರಿಗಷ್ಟೇ ಅಲ್ಲ, ವಿಜ್ಞಾನದ ವಿದ್ಯಾರ್ಥಿಗಳಿಗೂ ಒಳ್ಳೆಯ ಪಾಠ.

ಕೆರೆಗೊಂದು ಕೋಡಿ

ಒಂದು ಕಿಲೋಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೇಕು. ಆದಕಾರಣ ಸಿಲಿಂಡರಿಗೆ ಹೆಚ್ಚು ಗಾಳಿಯನ್ನು ತುಂಬಿದರೆ ಹೆಚ್ಚು ಇಂಧನವನ್ನು ಉರಿಸಿ ಹೆಚ್ಚು ಶಕ್ತಿಯನ್ನು ಪಡೆಯಬಹುದು. ಎಂಜಿನ್ನಿನಿಂದ ವ್ಯರ್ಥವಾಗಿ ಹೊರಬೀಳುವ ಬಿಸಿ ಅನಿಲದಿಂದಲೇ ಈ ಕೆಲಸವನ್ನು ಮಾಡಿಸುವ ಉಪಾಯಕ್ಕಾಗಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ೧೯೦೫ರಲ್ಲಿ ಪೇಟೆಂಟು ಕೋರಿದನು. ಬಿಸಿ ಅನಿಲವು ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರವು ಹೊರಗಣ ಗಾಳಿಯನ್ನು ಸೆಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಈ ಜೋಡಿ ಚಕ್ರಗಳ ವೇಗವು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನೂ ಮೀರುತ್ತದೆ.

ಇದರಲ್ಲೊಂದು ಅಪಾಯವೂ ಇದೆ. ಗಾಳಿ ಹೆಚ್ಚಿದರೆ ಹೊರಬೀಳುವ ಅನಿಲ ಹೆಚ್ಚುತ್ತದೆ. ಅನಿಲ ಹೆಚ್ಚಿದರೆ ಚಕ್ರದ ವೇಗ ಹೆಚ್ಚುತ್ತದೆ. ವೇಗ ಹೆಚ್ಚಿದರೆ ಗಾಳಿ ಮತ್ತಷ್ಟು ಹೆಚ್ಚುತ್ತದೆ. ತಡೆಯಿಲ್ಲದಿದ್ದರೆ ಒತ್ತಡವು ಮಿತಿಮೀರಿ, ಜ್ವಾಲೆ ಮುಟ್ಟುವ ಮೊದಲೇ ಸಿಲಿಂಡರಿನೊಳಗಿನ ಮಿಶ್ರಣವು ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್ ಎಂಬ ಬಡಿತ. ಇದು ಬಲವಾಗಿ ಮುಂದುವರಿದರೆ ಪಿಸ್ಟನ್ನೇ ಒಡೆಯಬಹುದು. ೧೯೬೨ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಎಂಬ ಟರ್ಬೊ ಕಾರಿನಲ್ಲಿ ಈ ಬಡಿತವನ್ನು ಅಡಗಿಸುವುದಕ್ಕೆಂದೇ ನೀರು ಮತ್ತು ಮೆಥನಾಲುಗಳ ಮಿಶ್ರಣವನ್ನು ಎಂಜಿನ್ನಿಗೆ ಊಡಿಸಬೇಕಾಗಿತ್ತು.

ಕೆರೆ ತುಂಬಿದಾಗ ಹೆಚ್ಚಿನ ನೀರು ಕಟ್ಟೆಯನ್ನು ಒಡೆಯದಂತೆ ಕೋಡಿಯ ಮೂಲಕ ಹರಿದುಹೋಗುವುದಷ್ಟೆ. ಟರ್ಬೊವಿಗೂ ಇಂಥದೊಂದು ಕೋಡಿಯುಂಟು. ಅದರ ಹೆಸರು ವೇಸ್ಟ್‌ಗೇಟ್. ಈ ಬಾಗಿಲು ತೆರೆದಾಗ ಬಿಸಿ ಅನಿಲದ ಒಂದು ಪಾಲು ಚಕ್ರವನ್ನು ಮುಟ್ಟದೆ ಪಕ್ಕದಿಂದಲೇ ಹೊರಟುಹೋಗುತ್ತದೆ. ಬಾಗಿಲನ್ನು ಎಳೆಯುವ ಸರಳೊಂದು ಪುಟ್ಟ ಡಬ್ಬಿಗೆ ಸೇರಿದೆ. ಡಬ್ಬಿಯೊಳಗೆ ಒಂದು ಪೊರೆ, ಒಂದು ಸ್ಪ್ರಿಂಗು. ಟರ್ಬೊ ಒತ್ತಿದ ಗಾಳಿಯು ಸಣ್ಣ ರಬ್ಬರು ಕೊಳವೆಯ ಮೂಲಕ ಬಂದು ಪೊರೆಯನ್ನು ತಳ್ಳುತ್ತದೆ. ಸ್ಪ್ರಿಂಗು ಸೋತಾಗ ಬಾಗಿಲು ತೆರೆಯುತ್ತದೆ. ಕೊಳವೆಯ ದಾರಿಯಲ್ಲಿರುವ ವಿದ್ಯುತ್ ಕವಾಟವೊಂದು, ಕಾರಿನ ಕಂಪ್ಯೂಟರಿನ ಅಪ್ಪಣೆಯಂತೆ, ಆ ಗಾಳಿಯಲ್ಲಿ ಕೊಂಚವನ್ನು ಬೇರೆಡೆಗೆ ಬಿಟ್ಟು ಬಾಗಿಲು ತೆರೆಯುವುದನ್ನು ತಡಮಾಡಿಸುತ್ತದೆ. ಹೀಗೆ ಬೇಕಾದ ಒತ್ತಡ ದೊರೆಯುತ್ತದೆ.

ತಡವಾಗಿ ಬಂದ ಸುದ್ದಿ

ಹಾಗಾದರೆ ಮುಳ್ಳು ಓಲಾಡುವುದೇಕೆ? ಸ್ನಾನದ ಮನೆಯ ನಲ್ಲಿಯನ್ನು ನೆನೆಯಿರಿ. ನೀರು ತಣ್ಣಗಿದೆಯೆಂದು ಬಿಸಿನೀರಿನ ತಿರುಪನ್ನು ತಿರುಗಿಸುತ್ತೇವೆ. ಬಿಸಿನೀರು ದೂರದಿಂದ ಬರಬೇಕಾದ್ದರಿಂದ ತಡವಾಗುತ್ತದೆ. ನಾವು ತಾಳದೆ ಇನ್ನಷ್ಟು ತಿರುಗಿಸುತ್ತೇವೆ. ಆಮೇಲೆ ಸುಡುನೀರು ಬೀಳುತ್ತದೆ. ಗಾಬರಿಯಿಂದ ಪೂರ್ತಿ ಹಿಂದಿರುಗಿಸುತ್ತೇವೆ. ಸುದ್ದಿ ತಡವಾಗಿ ಬಂದು, ತಿದ್ದುಪಡಿ ಅತಿಯಾದಾಗ ಓಲಾಟ ಹುಟ್ಟುತ್ತದೆ. ಜೇಮ್ಸ್ ವಾಟನ ಉಗಿಯಂತ್ರಗಳ ಕಾಲದಿಂದಲೂ ವೇಗ ನಿಯಂತ್ರಕಗಳನ್ನು ಕಾಡಿದ ತೊಂದರೆ ಇಂಥದೇ. ಅದು ಯಾವಾಗ ಅಡಗುತ್ತದೆ, ಯಾವಾಗ ಬೆಳೆಯುತ್ತದೆ ಎಂಬುದನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ೧೮೬೮ರಲ್ಲಿ ಗಣಿತದಿಂದ ವಿವೇಚಿಸಿದನು.

ಟರ್ಬೊ ಕಾರಿನಲ್ಲಿ ಸುದ್ದಿ ಕೆಡುವ ಬಗೆಗಳು ಹಲವು. ಡಬ್ಬಿಗೆ ಹೋಗುವ ಕೊಳವೆ ಸೋರಿದರೆ ಪೊರೆಗೆ ನಿಜವಾದ ಒತ್ತಡ ತಿಳಿಯದು. ಬಾಗಿಲು ತಡವಾಗಿ ತೆರೆದು ಒತ್ತಡ ಮಿತಿಮೀರುತ್ತದೆ. ಕಂಪ್ಯೂಟರು ಎಂಜಿನ್ನಿನ ಶಕ್ತಿಯನ್ನು ಥಟ್ಟನೆ ತಗ್ಗಿಸುತ್ತದೆ. ಮತ್ತೆ ಮೊದಲಿನ ಕಥೆ. ದೊಡ್ಡ ಗಾಳಿಕೊಳವೆಯ ಬಿರುಕು ಒತ್ತಡ ಏರಿದಾಗ ಮಾತ್ರ ಬಾಯ್ದೆರೆದು, ಇಳಿದಾಗ ಮುಚ್ಚಿಕೊಳ್ಳುವುದೂ ಉಂಟು. ವೇಸ್ಟ್‌ಗೇಟಿನ ಅಚ್ಚು ಮಸಿ ಹಿಡಿದು ಬಿಗಿದಿದ್ದರೆ ಬಾಗಿಲು ಸರಾಗವಾಗಿ ಆಡದೆ ಜಗ್ಗಿ ಜಗ್ಗಿ ಚಲಿಸುತ್ತದೆ. ವಿದ್ಯುತ್ ಕವಾಟದಲ್ಲಿ ಕೊಳೆ ಸೇರಿದರೂ ಇದೇ ಫಲ.

ನಿದಾನದ ನಾಲ್ಕು ಹೆಜ್ಜೆ

ಮೊದಲನೆಯದು, ರೋಗ ಒತ್ತಡದ್ದೇ ಹೌದೆಂದು ಖಚಿತಪಡಿಸಿಕೊಳ್ಳುವುದು. ಸವೆದ ಸ್ಪಾರ್ಕ್ ಪ್ಲಗ್ಗು ಅಧಿಕ ಒತ್ತಡದಲ್ಲಿ ಕಿಡಿ ತಪ್ಪಿಸಿದರೂ ಗಾಡಿ ಜಗ್ಗುತ್ತದೆ. ಕಂಪ್ಯೂಟರು ಕೋರಿದ ಒತ್ತಡವನ್ನೂ ನಿಜವಾಗಿ ದೊರೆತ ಒತ್ತಡವನ್ನೂ ಒಟ್ಟಿಗೆ ದಾಖಲಿಸಿ ನೋಡಿದರೆ ಯಾವುದು ಮೊದಲು ಕದಲಿತೆಂಬುದು ತಿಳಿಯುತ್ತದೆ.

ಎರಡನೆಯದು ಸೋರಿಕೆಯ ಪರೀಕ್ಷೆ. ಎಂಜಿನ್ನನ್ನು ನಿಲ್ಲಿಸಿ, ಆರಲು ಬಿಟ್ಟು, ಟರ್ಬೊವಿಗೆ ಗಾಳಿ ಬರುವ ಬಾಯಿಗೆ ಬಿರಡೆ ಹಾಕಿ, ಅದರ ಮೂಲಕ ಕಾರಿನ ಎಂದಿನ ಒತ್ತಡವನ್ನು ಮೀರದಂತೆ ಗಾಳಿ ತುಂಬಬೇಕು. ಕೀಲುಗಳಿಗೆ ಸಾಬೂನಿನ ನೀರನ್ನು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಸೈಕಲ್ ಟ್ಯೂಬಿನ ತೂತನ್ನು ನೀರಿನಲ್ಲಿ ಮುಳುಗಿಸಿ ಹುಡುಕುವ ಉಪಾಯವೇ ಇದು.

ಮೂರನೆಯದು, ಡಬ್ಬಿಗೆ ಮಾಪಕವುಳ್ಳ ಕೈಪಂಪನ್ನು ಜೋಡಿಸಿ ಒತ್ತಡ ಕೊಡುವುದು. ಮುಳ್ಳು ತಾನಾಗಿ ಇಳಿದರೆ ಪೊರೆ ಹರಿದಿದೆ. ಮುಳ್ಳು ನಿಂತು, ಸರಳು ಮಾತ್ರ ತಡೆತಡೆದು ಚಲಿಸಿದರೆ ಬಾಗಿಲಿನ ಅಚ್ಚು ಬಿಗಿದಿದೆ.

ನಾಲ್ಕನೆಯದೇ ಎಲ್ಲಕ್ಕಿಂತ ಸ್ವಾರಸ್ಯವಾದುದು. ವಿದ್ಯುತ್ ಕವಾಟವನ್ನು ದಾರಿಯಿಂದ ತೆಗೆದು, ಟರ್ಬೊವಿನ ಗಾಳಿಯನ್ನು ನೇರವಾಗಿ ಡಬ್ಬಿಗೆ ಕೊಡಬೇಕು. ಆಗ ಕಂಪ್ಯೂಟರಿನ ಮಾತು ನಡೆಯದು, ಸ್ಪ್ರಿಂಗೊಂದೇ ಒಡೆಯ. ಒತ್ತಡವು ಕಡಿಮೆಯಾದರೂ ಸ್ಥಿರವಾಗಿ ನಿಂತರೆ ದೋಷವು ಕವಾಟದಲ್ಲಿ, ಅದರ ತಂತಿಯಲ್ಲಿ ಅಥವಾ ಕಂಪ್ಯೂಟರಿನ ಲೆಕ್ಕದಲ್ಲಿ ಇರಬೇಕು. ಆಗಲೂ ಓಲಾಡಿದರೆ ಬಾಗಿಲು, ಸರಳು, ಪೊರೆಗಳನ್ನು ಇನ್ನೊಮ್ಮೆ ನೋಡಬೇಕು. ಒಂದೇ ಪ್ರಯೋಗದಿಂದ ಸಂದೇಹದ ಕ್ಷೇತ್ರ ಅರ್ಧವಾಯಿತು! ಆದರೆ ಎಚ್ಚರಿಕೆ: ಡಬ್ಬಿಯ ಕೊಳವೆಯನ್ನು ಕಿತ್ತು ಹಾಗೆಯೇ ಬಿಟ್ಟು ಎಂದಿಗೂ ಗಾಡಿಯನ್ನು ಓಡಿಸಬಾರದು; ಅದು ಕೋಡಿಯನ್ನು ಮುಚ್ಚಿದಂತೆ. ಈ ಪರೀಕ್ಷೆಯನ್ನು ಜನಸಂಚಾರದ ರಸ್ತೆಯಲ್ಲಿ ಮಾಡದೆ, ಬಲ್ಲವರ ಕೈಯಲ್ಲಿ ಗ್ಯಾರೇಜಿನಲ್ಲೇ ಮಾಡಿಸುವುದು ಲೇಸು. ಹಲವು ಹೊಸ ಕಾರುಗಳಲ್ಲಿ ಬಾಗಿಲನ್ನು ವಿದ್ಯುತ್ ಮೋಟಾರೇ ಆಡಿಸುವುದರಿಂದ ಅವುಗಳಿಗೆ ಮೂರನೆಯ ಮತ್ತು ನಾಲ್ಕನೆಯ ಪರೀಕ್ಷೆಗಳು ಹೊಂದವು. ಸರಪಣಿಯನ್ನು ತುಂಡುಮಾಡಿ ನೋಡುವ ತತ್ತ್ವ ಮಾತ್ರ ಅಲ್ಲಿಯೂ ಒಂದೇ.

ಚಿಕಿತ್ಸೆ

ಬಿರುಕುಬಿಟ್ಟ ಕೊಳವೆಗೆ ಬದಲಾಗಿ ಶಾಖವನ್ನು ತಾಳುವ, ಅದೇ ಅಳತೆಯ ಕೊಳವೆಯನ್ನು ಹಾಕಬೇಕು. ಉದ್ದವೂ ಅಗಲವೂ ಆದ ಕೊಳವೆಯಲ್ಲಿ ಹೆಚ್ಚು ಗಾಳಿ ತುಂಬಬೇಕಾಗಿ ಸುದ್ದಿ ಇನ್ನಷ್ಟು ತಡವಾದೀತು. ಸರಳಿನ ಉದ್ದವನ್ನು ತಯಾರಕರು ಹೇಳಿದ ಅಳತೆಗೇ ಹೊಂದಿಸಬೇಕು. ಅಂದಾಜಿನಿಂದ ಬಿಗಿದರೆ ಬಾಗಿಲು ತಡವಾಗಿ ತೆರೆದು ಒತ್ತಡ ಏರುತ್ತದೆ. ಒಂದು ಬಾರಿಗೆ ಒಂದೇ ಭಾಗವನ್ನು ಬದಲಾಯಿಸಿ, ಮತ್ತೆ ಅಳೆದು ನೋಡುವುದು ಕ್ರಮ. ಮೂರು ಭಾಗಗಳನ್ನು ಒಮ್ಮೆಲೇ ಬದಲಾಯಿಸಿದರೆ ಗಾಡಿ ಸರಿಹೋದೀತು. ಆದರೆ ಯಾವುದು ಕೆಟ್ಟಿತ್ತೆಂಬುದು ತಿಳಿಯದೆ ಹೋಗುತ್ತದೆ, ಕೆಡದಿದ್ದ ಎರಡಕ್ಕೂ ಬೆಲೆ ತೆತ್ತಂತಾಗುತ್ತದೆ. ಪ್ರಯೋಗಶಾಲೆಯಲ್ಲಿ ಉಪಾಧ್ಯಾಯರು ಹೇಳಿಕೊಡುವ ಈ ನಿಯಮವನ್ನು ಗ್ಯಾರೇಜಿನಲ್ಲೂ ಪಾಲಿಸಿದವನು, ಟರ್ಬೊವಿನ ಮೇಲೆ ಕೈಯಿಡುವ ಮೊದಲು ಆ ಬೆರಳುದ್ದದ ಕೊಳವೆಯನ್ನು ನೋಡುತ್ತಾನೆ.