ತುರ್ತು ವೈದ್ಯಕೀಯ ತಂತ್ರಜ್ಞರ ಕಾರ್ಯ ಮತ್ತು ದಂಪತಿಗಳ ಹೊಣೆ

ಸಂಸಾರವೆಂದ ಮೇಲೆ ಸುಖದುಃಖಗಳು ಸಹಜ. ಆದರೆ ಕೆಲವು ಆಪತ್ತುಗಳು ಯಾವ ಸೂಚನೆಯನ್ನೂ ಕೊಡದೆ ಬರುತ್ತವೆ. ಒಲೆಯ ಉರಿ ಸೀರೆಯ ಸೆರಗಿಗೆ ತಗಲುತ್ತದೆ. ದಿನ ತುಂಬುವ ಮುನ್ನವೇ ನಡುರಾತ್ರಿಯಲ್ಲಿ ಹೆರಿಗೆಯ ನೋವು ಕಾಣಿಸಿಕೊಳ್ಳುತ್ತದೆ. ಹೊಲದಲ್ಲಿ ದುಡಿಯುತ್ತಿದ್ದ ಹಿರಿಯರು ಎದೆ ಹಿಡಿದು ಕುಸಿಯುತ್ತಾರೆ. ಇಂತಹ ಹೊತ್ತಿನಲ್ಲಿ ವೈದ್ಯರು ದೂರದಲ್ಲಿರುತ್ತಾರೆ, ಆಸ್ಪತ್ರೆ ಇನ್ನೂ ದೂರದಲ್ಲಿರುತ್ತದೆ. ಆಗ ನಿಮ್ಮ ಮನೆಯ ಬಾಗಿಲಿಗೆ ಮೊದಲು ಬರುವ ವ್ಯಕ್ತಿಯೇ ತುರ್ತು ವೈದ್ಯಕೀಯ ತಂತ್ರಜ್ಞ. ಅವರ ಕಾರ್ಯವೇನು, ಅವರು ಬರುವ ಮುನ್ನ ಪತಿಪತ್ನಿಯರು ಮಾಡಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ತುರ್ತು ವೈದ್ಯಕೀಯ ತಂತ್ರಜ್ಞರೆಂದರೆ ಯಾರು?

ಇವರು ವೈದ್ಯರಲ್ಲ. ರೋಗಿಯನ್ನು ಜೀವಂತವಾಗಿ, ಇದ್ದ ಸ್ಥಿತಿ ಮತ್ತಷ್ಟು ಕೆಡದಂತೆ, ವೈದ್ಯರ ಕೈಗೆ ಒಪ್ಪಿಸುವುದೇ ಇವರ ಕೆಲಸ. ಉಸಿರಾಟದ ದಾರಿಯನ್ನು ತೆರವು ಮಾಡುವುದು, ಆಮ್ಲಜನಕ ಕೊಡುವುದು, ರಕ್ತಸ್ರಾವವನ್ನು ತಡೆಯುವುದು, ಮುರಿದ ಮೂಳೆಗೆ ಆಧಾರಪಟ್ಟಿ ಕಟ್ಟುವುದು, ನಿಂತ ಹೃದಯವನ್ನು ಮತ್ತೆ ನಡೆಸಲು ಯತ್ನಿಸುವುದು, ಅನಿವಾರ್ಯವಾದರೆ ದಾರಿಯಲ್ಲಿಯೇ ಹೆರಿಗೆ ಮಾಡಿಸುವುದು, ಇವೆಲ್ಲವೂ ಅವರ ತರಬೇತಿಗೆ ಸೇರಿದ ವಿಷಯಗಳು. ಶಸ್ತ್ರಚಿಕಿತ್ಸೆಯಾಗಲಿ, ರಕ್ತ ಕೊಡುವುದಾಗಲಿ ವಾಹನದಲ್ಲಿ ಆಗುವ ಕೆಲಸಗಳಲ್ಲ. ಆದ್ದರಿಂದ ವಾಹನ ಬಂದಿತೆಂದ ಮಾತ್ರಕ್ಕೆ ಅಪಾಯ ಕಳೆಯಿತೆಂದು ಭಾವಿಸಬಾರದು. ಆಸ್ಪತ್ರೆಯನ್ನು ಸೇರುವವರೆಗೂ ಕಾಲವೇ ಮುಖ್ಯ.

ಅಗ್ನಿಶಾಮಕ ಠಾಣೆಯಲ್ಲಿ ಬೆಳೆದ ವೃತ್ತಿ

ಈ ವೃತ್ತಿ ಬೆಳೆದ ಬಗೆ ತಿಳಿಯತಕ್ಕ ಸಂಗತಿಯಾಗಿದೆ. 1960ರ ದಶಕದಲ್ಲಿ ಅಮೆರಿಕ ದೇಶದ ಅನೇಕ ಊರುಗಳಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದುದು ಶವಸಂಸ್ಕಾರದ ವ್ಯವಸ್ಥೆ ಮಾಡುವವರ ವಾಹನಗಳಲ್ಲಿ. ಮಲಗಿಸಿಕೊಂಡು ಹೋಗುವಷ್ಟು ಉದ್ದವಾದ ಗಾಡಿ ಅವರಲ್ಲಿತ್ತು ಎಂಬುದೇ ಅದಕ್ಕೆ ಕಾರಣ. ಗಾಡಿಯಲ್ಲಿ ಚಿಕಿತ್ಸೆ ಬಲ್ಲವರು ಇರುತ್ತಿರಲಿಲ್ಲ. ಅಪಘಾತಗಳಿಂದ ಆಗುವ ಸಾವು ಮತ್ತು ಅಂಗವೈಕಲ್ಯಗಳ ಬಗ್ಗೆ 1966ರಲ್ಲಿ ಆ ದೇಶದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯು ಪ್ರಕಟಿಸಿದ ವರದಿಯು ಈ ಕೊರತೆಯನ್ನು ಸರ್ಕಾರದ ಗಮನಕ್ಕೆ ತಂದಿತು.

ಮರುವರ್ಷ, ಅಂದರೆ 1967ರಲ್ಲಿ, ಪಿಟ್ಸ್‌ಬರ್ಗ್ ನಗರದಲ್ಲಿ ಫ್ರೀಡಂ ಹೌಸ್ ಎಂಬ ಸೇವೆ ಆರಂಭವಾಯಿತು. ಡಾಕ್ಟರ್ ಪೀಟರ್ ಸಫಾರ್ ಅವರ ಮಾರ್ಗದರ್ಶನದಲ್ಲಿ, ಉದ್ಯೋಗವಿಲ್ಲದೆ ಇದ್ದ ಕರಿಯ ಜನಾಂಗದವರಿಗೆ ತುರ್ತು ಚಿಕಿತ್ಸೆಯನ್ನು ಕಲಿಸಲಾಯಿತು. ಸರಿಯಾದ ಶಿಕ್ಷಣ ದೊರೆತರೆ ಸಾಮಾನ್ಯ ಜನರೂ ಜೀವ ಉಳಿಸಬಲ್ಲರೆಂಬುದು ಇದರಿಂದ ಸಿದ್ಧವಾಯಿತು.

1970ರಲ್ಲಿ ಸಿಯಾಟಲ್ ನಗರದ ಅಗ್ನಿಶಾಮಕ ದಳವು ಇದೇ ಹಾದಿಯನ್ನು ಹಿಡಿಯಿತು. ಹೃದ್ರೋಗ ತಜ್ಞರಾದ ಡಾಕ್ಟರ್ ಲೆನಾರ್ಡ್ ಕಾಬ್ ಮತ್ತು ದಳದ ಮುಖ್ಯಾಧಿಕಾರಿ ಗಾರ್ಡನ್ ವಿಕರಿ ಇವರು ಸೇರಿ ಬೆಂಕಿ ಆರಿಸುವವರಿಗೇ ಪ್ರಾಣರಕ್ಷಣೆಯ ವಿದ್ಯೆಯನ್ನು ಕಲಿಸಿದರು. ಈ ಕೆಲಸಕ್ಕೆ ಅಗ್ನಿಶಾಮಕ ದಳ ತಕ್ಕುದಾಗಿತ್ತು. ಠಾಣೆಗಳು ನಗರದ ಎಲ್ಲ ಭಾಗಗಳಲ್ಲಿಯೂ ಇದ್ದವು. ಹಗಲಿರುಳೂ ಸಿಬ್ಬಂದಿ ಸಿದ್ಧರಿರುತ್ತಿದ್ದರು. ಕರೆ ಬಂದೊಡನೆ ಹತ್ತಿರದ ಠಾಣೆಯಿಂದ ಹೊರಡುವ ತಂಡವು ಮೊದಲು ತಲುಪಿ ಆರೈಕೆಯನ್ನು ಆರಂಭಿಸುವುದು, ಹೆಚ್ಚಿನ ತರಬೇತಿ ಪಡೆದ ಪ್ಯಾರಾಮೆಡಿಕ್ ತಂಡವು ಹಿಂದೆಯೇ ಬಂದು ಸೇರುವುದು, ಇದು ಅಲ್ಲಿನ ಕ್ರಮ. ಇಂದು ಅಮೆರಿಕದ ಅಗ್ನಿಶಾಮಕ ದಳಗಳಿಗೆ ಬರುವ ಕರೆಗಳಲ್ಲಿ ಬೆಂಕಿಯ ಕರೆಗಳು ಅಲ್ಪ, ರೋಗಿಗಳ ಕರೆಗಳೇ ಅಧಿಕ. ಅನೇಕ ಠಾಣೆಗಳಲ್ಲಿ ಸಿಬ್ಬಂದಿ ಒಂದೇ ಸಲಕ್ಕೆ 24 ಗಂಟೆಗಳ ಪಾಳಿ ಮಾಡುತ್ತಾರೆ. ಉಂಡು ಮಲಗುವುದೂ ಠಾಣೆಯಲ್ಲಿಯೇ. ಕರೆಗಂಟೆ ಬಾರಿಸಿದರೆ ತುತ್ತನ್ನು ತಟ್ಟೆಯಲ್ಲಿಯೇ ಬಿಟ್ಟು ಏಳಬೇಕು. ಉಳಿಸಲಾಗದ ಜೀವಗಳ ನೆನಪನ್ನು ಹೊತ್ತುಕೊಂಡೇ ಮುಂದಿನ ಕರೆಗೆ ಹೋಗಬೇಕು.

ಇಷ್ಟೆಲ್ಲ ವೇಗವಿದ್ದರೂ ಸಿಯಾಟಲ್ಲಿನವರು ಒಂದು ಸತ್ಯವನ್ನು ಬೇಗನೆ ಕಂಡುಕೊಂಡರು. ಹೃದಯ ನಿಂತ ಮೇಲೆ ನಾಲ್ಕಾರು ನಿಮಿಷಗಳಲ್ಲಿಯೇ ಮೆದುಳಿಗೆ ಹಾನಿಯಾಗತೊಡಗುತ್ತದೆ. ಎಷ್ಟೇ ಶೀಘ್ರವಾಗಿ ಓಡಿದರೂ ವಾಹನವು ಆ ಮೊದಲ ನಿಮಿಷಗಳನ್ನು ಹಿಡಿಯಲಾರದು. ಆ ನಿಮಿಷಗಳು ಪಕ್ಕದಲ್ಲಿರುವವರ ಪಾಲಿಗೆ ಸೇರಿದುವು. ಆದ್ದರಿಂದ 1971ರಲ್ಲಿ ಅವರು ಸಾಮಾನ್ಯ ನಾಗರಿಕರಿಗೂ ಎದೆಯನ್ನು ಒತ್ತುವ ವಿಧಾನವನ್ನು ಕಲಿಸಲು ಆರಂಭಿಸಿದರು.

ನಮ್ಮ ನಾಡಿನಲ್ಲಿರುವ ವ್ಯವಸ್ಥೆ

ನಮ್ಮಲ್ಲಿ ಅಗ್ನಿಶಾಮಕ ಸೇವೆ ಮತ್ತು ಆಂಬ್ಯುಲೆನ್ಸ್ ಸೇವೆಗಳು ಬೇರೆ ಬೇರೆಯಾಗಿವೆ. ಬೆಂಕಿ, ಬಾವಿಗೆ ಬಿದ್ದವರ ರಕ್ಷಣೆ, ಕಟ್ಟಡ ಕುಸಿತ ಮೊದಲಾದವುಗಳಿಗೆ ರಾಜ್ಯದ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಿದೆ. ಅದರ ದೂರವಾಣಿ ಸಂಖ್ಯೆ 101. ರೋಗಿಗಳು, ಗಾಯಾಳುಗಳು ಮತ್ತು ಗರ್ಭಿಣಿಯರಿಗಾಗಿ 108 ಸಂಖ್ಯೆಯ ಸೇವೆಯಿದೆ. ಇದು ಹೈದರಾಬಾದಿನಲ್ಲಿ 2005ರಲ್ಲಿ ಮೊದಲಾಗಿ, ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಿಂದ ಆರಂಭವಾಯಿತು. ಈ ಸೇವೆಗೆ ಹಣ ಕೊಡಬೇಕಾಗಿಲ್ಲ. ಯಾವ ಸಂಖ್ಯೆಯೂ ನೆನಪಾಗದಿದ್ದಲ್ಲಿ 112ಕ್ಕೆ ಕರೆ ಮಾಡಬಹುದು.

108 ವಾಹನದಲ್ಲಿ ಚಾಲಕರ ಜೊತೆಗೆ ಒಬ್ಬ ತುರ್ತು ವೈದ್ಯಕೀಯ ತಂತ್ರಜ್ಞರು ಇರುತ್ತಾರೆ. ಅಗತ್ಯವಾದಾಗ ಅವರು ದೂರವಾಣಿಯ ಮೂಲಕ ಕೇಂದ್ರದಲ್ಲಿರುವ ವೈದ್ಯರ ಸಲಹೆಯನ್ನು ಪಡೆಯುತ್ತಾರೆ. ದಾರಿಯಲ್ಲಿ ಮಗು ಜನಿಸುವಂತಾದರೆ ವಾಹನವನ್ನು ಬದಿಗೆ ನಿಲ್ಲಿಸಿ, ಶುದ್ಧವಾದ ಸಾಮಗ್ರಿಗಳಿಂದ ಹೆರಿಗೆ ಮಾಡಿಸಿ, ಮಗುವನ್ನು ಒರೆಸಿ ತಾಯಿಯ ಎದೆಯ ಮೇಲೆ ಬೆಚ್ಚಗೆ ಮಲಗಿಸಿ, ತಾಯಿಯ ರಕ್ತಸ್ರಾವವನ್ನು ಗಮನಿಸುತ್ತ ಆಸ್ಪತ್ರೆಗೆ ಒಯ್ಯುತ್ತಾರೆ.

ಕರೆ ಮಾಡುವಾಗ ಈ ವಿಷಯಗಳನ್ನು ಸ್ಪಷ್ಟವಾಗಿ ತಿಳಿಸಿರಿ:

1. ಜಿಲ್ಲೆ, ತಾಲ್ಲೂಕು, ಗ್ರಾಮ ಅಥವಾ ತೋಟದ ಮನೆಯ ಹೆಸರು.
2. ಎಲ್ಲರಿಗೂ ಗೊತ್ತಿರುವ ಗುರುತು: ಶಾಲೆ, ದೇವಸ್ಥಾನ, ಹಾಲಿನ ಡೈರಿ, ನೀರಿನ ಟ್ಯಾಂಕು ಇತ್ಯಾದಿ.
3. ಆಗಿರುವುದೇನು, ರೋಗಿಗೆ ಪ್ರಜ್ಞೆಯಿದೆಯೇ, ಉಸಿರಾಟವಿದೆಯೇ.
4. ನಿಮ್ಮ ದೂರವಾಣಿ ಸಂಖ್ಯೆ. ಆ ಬಳಿಕ ಫೋನನ್ನು ಬೇರೆ ಮಾತಿಗೆ ಬಳಸದೆ ಬಿಡುವಾಗಿರಿಸಿರಿ.

ಕರೆ ಮುಗಿದೊಡನೆ ಒಬ್ಬರನ್ನು ಮುಖ್ಯರಸ್ತೆಗೆ ಕಳುಹಿಸಿರಿ. ರಾತ್ರಿಯಾದರೆ ಅವರ ಕೈಯಲ್ಲಿ ಬ್ಯಾಟರಿ ಇರಲಿ.

ಮೂರು ವಿಳಂಬಗಳು

ಬಾಣಂತಿಯರ ಮರಣಕ್ಕೆ ಮೂರು ಬಗೆಯ ವಿಳಂಬಗಳು ಕಾರಣವೆಂದು ತಜ್ಞರು ಹೇಳುತ್ತಾರೆ. ಆಸ್ಪತ್ರೆಗೆ ಹೋಗಲು ನಿರ್ಧರಿಸುವುದರಲ್ಲಿ ಆಗುವ ತಡ ಮೊದಲನೆಯದು. ಆಸ್ಪತ್ರೆಯನ್ನು ತಲುಪುವುದರಲ್ಲಿ ಆಗುವ ತಡ ಎರಡನೆಯದು. ತಲುಪಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ಆಗುವ ತಡ ಮೂರನೆಯದು. ಆಂಬ್ಯುಲೆನ್ಸು ಎರಡನೆಯ ವಿಳಂಬವನ್ನು ಕಡಮೆ ಮಾಡಬಲ್ಲುದು. ಮೂರನೆಯದು ಆಸ್ಪತ್ರೆಯ ಹೊಣೆ. ಮೊದಲನೆಯದಾದರೋ ಸಂಪೂರ್ಣವಾಗಿ ನಿಮ್ಮ ಮನೆಯೊಳಗಿನದು. ‘ಯಜಮಾನರು ಪೇಟೆಯಿಂದ ಬರಲಿ’, ‘ಮಾವನವರನ್ನು ಕೇಳೋಣ’, ‘ಬೆಳಕು ಹರಿಯಲಿ’, ‘ಹಣ ಹೊಂದಿಸಿಕೊಂಡು ಹೋಗೋಣ’ ಎಂದು ಕಾಯುವ ಹೊತ್ತಿನಲ್ಲಿ ರಕ್ತ ಹರಿದುಹೋಗುತ್ತಿರುತ್ತದೆ. ವಾಹನವು ದಾರಿಯನ್ನು ಕಿರಿದುಗೊಳಿಸಬಹುದು. ಮನೆಯವರ ಆಲೋಚನೆಯ ಕಾಲವನ್ನು ಕಿರಿದುಗೊಳಿಸಲಾರದು.

ಆದಕಾರಣ ಪತಿಪತ್ನಿಯರು ಇಂದೇ ಕುಳಿತು ಒಂದು ನಿರ್ಣಯಕ್ಕೆ ಬರಬೇಕು: ಅಪಾಯದ ಚಿಹ್ನೆ ಕಂಡ ಕೂಡಲೇ, ಪತಿ ಮನೆಯಲ್ಲಿ ಇರಲಿ ಇಲ್ಲದಿರಲಿ, ಯಾರ ಅಪ್ಪಣೆಗೂ ಕಾಯದೆ ಪತ್ನಿಯೇ ಕರೆ ಮಾಡತಕ್ಕದ್ದು. ಈ ಮಾತನ್ನು ಮನೆಯ ಹಿರಿಯರಿಗೂ ಮುಂಚಿತವಾಗಿ ವಿನಯದಿಂದ ತಿಳಿಸಿ ಅವರ ಒಪ್ಪಿಗೆಯನ್ನು ಪಡೆದಿರಬೇಕು.

ಗರ್ಭಿಣಿಯ ವಿಷಯದಲ್ಲಿ

ಈ ಕೆಳಗಿನ ಯಾವುದೇ ಒಂದು ಚಿಹ್ನೆ ಕಂಡರೂ ಒಡನೆಯೇ ಕರೆ ಮಾಡಿರಿ:

• ಗರ್ಭಿಣಿಯಾಗಿರುವಾಗ ಯಾವುದೇ ಪ್ರಮಾಣದ ರಕ್ತಸ್ರಾವ. ಹೆರಿಗೆಯ ನಂತರ ನಿಲ್ಲದ ಸ್ರಾವ.
• ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಸೆಳೆತ ಅಥವಾ ಫಿಟ್ಸು.
• ನೋವು ಬರುವ ಮುನ್ನವೇ ನೆತ್ತಿನೀರು ಒಡೆಯುವುದು.
• ಮಗುವಿನ ಅಲುಗಾಟ ಕಡಮೆಯಾಗುವುದು ಅಥವಾ ನಿಲ್ಲುವುದು.
• ಹನ್ನೆರಡು ಗಂಟೆ ಕಳೆದರೂ ಮುಗಿಯದ ಹೆರಿಗೆ ನೋವು.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ಪದ್ಧತಿ. ಹಾಗೆ ಹೋಗುವಾಗ ತಾಯಿ ಕಾರ್ಡನ್ನು ಮರೆಯದೆ ಒಯ್ಯಬೇಕು. ತವರೂರಿನ ಆಶಾ ಕಾರ್ಯಕರ್ತೆಯ ಫೋನ್ ಸಂಖ್ಯೆ, ಹಗಲಿರುಳೂ ತೆರೆದಿರುವ ಹತ್ತಿರದ ಆಸ್ಪತ್ರೆ, ರಕ್ತ ಕೊಡಬಲ್ಲ ಇಬ್ಬರ ಹೆಸರು, ಇವುಗಳನ್ನು ಗೊತ್ತುಮಾಡಿಕೊಳ್ಳುವುದು ಪತಿಯ ಕರ್ತವ್ಯ. ಮಳೆಗಾಲದಲ್ಲಿ ಹಳ್ಳ ತುಂಬಿ ವಾಹನ ಬಾರದ ಊರಾದರೆ ದಿನ ತುಂಬುವುದಕ್ಕೆ ಮೊದಲೇ ಆಸ್ಪತ್ರೆಯ ಸಮೀಪದಲ್ಲಿರುವ ನೆಂಟರ ಮನೆಯಲ್ಲಿ ಉಳಿಯುವುದು ಲೇಸು.

ಬೆಂಕಿ ತಗಲಿದಾಗ

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು. ಓಡಿದಷ್ಟೂ ಗಾಳಿ ಸೇರಿ ಉರಿ ಹೆಚ್ಚುತ್ತದೆ. ಅವರನ್ನು ನೆಲಕ್ಕೆ ಮಲಗಿಸಿ ಉರುಳಿಸಬೇಕು, ಇಲ್ಲವೇ ದಪ್ಪನೆಯ ಉಣ್ಣೆಯ ಕಂಬಳಿಯನ್ನು ಸುತ್ತಿ ಉರಿಯನ್ನು ಆರಿಸಬೇಕು. ಉರಿ ಆರಿದ ಮೇಲೆ ಕಂಬಳಿಯನ್ನು ತೆಗೆದು, ಸುಟ್ಟ ಭಾಗದ ಮೇಲೆ ಶುದ್ಧವಾದ ತಣ್ಣೀರನ್ನು ಇಪ್ಪತ್ತು ನಿಮಿಷಗಳ ಕಾಲ ಸುರಿಯಬೇಕು. ಊತ ಬರುವ ಮುನ್ನವೇ ಬಳೆ, ಉಂಗುರ, ಕಾಲುಂಗುರಗಳನ್ನು ತೆಗೆಯಬೇಕು. ಮೈಗೆ ಅಂಟಿದ ಬಟ್ಟೆಯನ್ನು ಎಳೆಯಕೂಡದು. ತುಪ್ಪ, ಶಾಯಿ, ಹಲ್ಲುಪುಡಿ, ಸಗಣಿ, ಮಂಜುಗಡ್ಡೆ ಇವುಗಳಲ್ಲಿ ಯಾವುದನ್ನೂ ಹಚ್ಚಕೂಡದು. ಒಗೆದ ಹತ್ತಿಯ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ ಆಂಬ್ಯುಲೆನ್ಸಿಗಾಗಿ ಕಾಯಬೇಕು.

ಅಡುಗೆ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿ ಹರಡಿಕೊಳ್ಳುತ್ತದೆ. ವಾಸನೆ ಬಂದರೆ ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು ಎಲ್ಲರೂ ಹೊರಗೆ ಬನ್ನಿರಿ. ಬೆಂಕಿಕಡ್ಡಿ ಗೀರಬಾರದು, ವಿದ್ಯುತ್ ಸ್ವಿಚ್ಚನ್ನು ಹಾಕಲೂ ಬಾರದು, ಆರಿಸಲೂ ಬಾರದು. ಹೊರಗೆ ಬಂದ ಮೇಲೆ ಅನಿಲ ಸೋರಿಕೆಯ ದೂರವಾಣಿ 1906ಕ್ಕೆ ತಿಳಿಸಿರಿ.

ಪ್ರಜ್ಞೆ ತಪ್ಪಿ ಉಸಿರು ನಿಂತಾಗ

ಕುಸಿದವರನ್ನು ಭುಜ ತಟ್ಟಿ ಕೂಗಿರಿ. ಅವರು ಓಗೊಡದೆ, ಸಹಜವಾಗಿ ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಅವರನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುಭಾಗದಲ್ಲಿ ಒಂದು ಅಂಗೈಯ ಮೇಲೆ ಇನ್ನೊಂದನ್ನಿರಿಸಿ, ತೋಳುಗಳನ್ನು ನೆಟ್ಟಗಿಟ್ಟು, ಸುಮಾರು ಎರಡು ಅಂಗುಲ ಆಳಕ್ಕೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿಯಾಗಿ ಮೇಲೇಳಲು ಬಿಡಬೇಕು. ದಣಿವಾದಾಗ ಒಬ್ಬರ ಬಳಿಕ ಒಬ್ಬರು ಮುಂದುವರಿಸಿ, ತಂತ್ರಜ್ಞರು ಬಂದು ವಹಿಸಿಕೊಳ್ಳುವವರೆಗೂ ನಿಲ್ಲಿಸಬಾರದು. ಬಾಯಿಗೆ ನೀರು ಹಾಕುವುದು ಅಪಾಯಕರ. ಈ ಕ್ರಮವನ್ನು ಓದಿ ತಿಳಿಯುವುದಕ್ಕಿಂತ ಬಲ್ಲವರಿಂದ ನೋಡಿ ಕಲಿಯುವುದು ಮೇಲು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಅಥವಾ ಹತ್ತಿರದ ಅಗ್ನಿಶಾಮಕ ಠಾಣೆಯವರನ್ನು ಗ್ರಾಮಕ್ಕೆ ಕರೆಸಿ ಪ್ರಾತ್ಯಕ್ಷಿಕೆ ನಡೆಸಿಕೊಡುವಂತೆ ಸ್ತ್ರೀಶಕ್ತಿ ಸಂಘದವರೂ ಯುವಕ ಸಂಘದವರೂ ಕೋರಬಹುದು.

ಹಾವು ಕಚ್ಚಿದಾಗ

ಗಾಯವನ್ನು ಕೊಯ್ಯುವುದು, ಚೀಪುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಮಂತ್ರ ಹಾಕಿಸಲು ಹೊತ್ತು ಕಳೆಯುವುದು, ಇವೆಲ್ಲವೂ ಹಾನಿಕರ. ಕಚ್ಚಿಸಿಕೊಂಡವರನ್ನು ನಡೆಸದೆ, ಆ ಅಂಗವನ್ನು ಅಲುಗಿಸದೆ, ಧೈರ್ಯ ಹೇಳಿ ಆಸ್ಪತ್ರೆಗೆ ಸಾಗಿಸಿರಿ. ವಿಷನಿವಾರಕ ಚುಚ್ಚುಮದ್ದೊಂದೇ ವಿಷಕ್ಕೆ ಪರಿಹಾರ.

ತಂತ್ರಜ್ಞರು ಬಂದ ಮೇಲೆ

ರೋಗಿಯ ಸುತ್ತ ಗುಂಪು ಕೂಡದೆ ದಾರಿ ಬಿಡಿರಿ. ನೋವು ಯಾವಾಗ ಆರಂಭವಾಯಿತು, ಯಾವ ಔಷಧಿ ಕೊಡಲಾಗಿದೆ, ಮೊದಲೇ ಇದ್ದ ಕಾಯಿಲೆಗಳೇನು ಎಂಬುದನ್ನು ಮರೆಮಾಚದೆ ತಿಳಿಸಿರಿ. ಯಾವ ಆಸ್ಪತ್ರೆಗೆ ಒಯ್ಯಬೇಕೆಂಬ ವಿಷಯದಲ್ಲಿ ವಾದ ಮಾಡುತ್ತ ಕಾಲ ಕಳೆಯದಿರಿ. ಯಾವ ಚಿಕಿತ್ಸೆ ಎಲ್ಲಿ ದೊರೆಯುವುದೆಂದು ಅವರಿಗೆ ತಿಳಿದಿರುತ್ತದೆ. ಅವರೂ ನಿಮ್ಮಂತೆಯೇ ಸಂಸಾರವುಳ್ಳವರು. ನಿಮ್ಮ ಮನೆಯವರ ಜೀವಕ್ಕಾಗಿ ನಿದ್ರೆಗೆಟ್ಟು ಬಂದವರನ್ನು ಗೌರವದಿಂದ ಕಾಣಿರಿ.

ಇಂದೇ ಮಾಡಬೇಕಾದ ಐದು ಕೆಲಸಗಳು

1. 108, 101, 112, 1906 ಈ ಸಂಖ್ಯೆಗಳನ್ನು ಬಾಗಿಲ ಹಿಂದಿನ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಯಿರಿ.
2. ಶಾಲೆಗೆ ಹೋಗುವ ಮಕ್ಕಳಿಗೂ ಕರೆ ಮಾಡುವುದನ್ನು ಕಲಿಸಿರಿ.
3. ಮನೆಯ ಒಂದು ಫೋನಾದರೂ ರಾತ್ರಿ ಚಾರ್ಜು ಇರುವಂತೆ ನೋಡಿಕೊಳ್ಳಿರಿ.
4. ತಾಯಿ ಕಾರ್ಡು, ಆಧಾರ್ ಕಾರ್ಡು, ಸ್ವಲ್ಪ ಹಣ, ಒಗೆದ ಬಟ್ಟೆ ಇವುಗಳನ್ನು ಒಂದೇ ಚೀಲದಲ್ಲಿಡಿರಿ.
5. ಯಾರನ್ನೂ ಕೇಳದೆ ಕರೆ ಮಾಡುವ ಅಧಿಕಾರ ಮನೆಯಲ್ಲಿ ಎಲ್ಲರಿಗೂ ಇದೆಯೆಂದು ಸಾರಿ ಹೇಳಿರಿ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲವೆಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಐದು ಕೆಲಸಗಳಿಗೆ ಒಂದು ಸಂಜೆ ಸಾಕು. ಪತಿಪತ್ನಿಯರಿಬ್ಬರೂ ಕೂಡಿ ಇಂದಿನ ಸಂಜೆಯನ್ನೇ ಅದಕ್ಕಾಗಿ ಮೀಸಲಿಡಿರಿ.