ಮಂಜು ಕವಿದರೆ ಹದಿನೈದಲ್ಲ, ಹತ್ತೊಂಬತ್ತು

ಹಗರಿಬೊಮ್ಮನಹಳ್ಳಿ ಕಡೆ ನೀರೆಂದರೆ ತುಂಗಭದ್ರಾ ಹಿನ್ನೀರು, ದೋಣಿಯೆಂದರೆ ಹರಿಗೋಲು. ಹಡಗಲಿಯ ಹೂವು ಹೊಳೆಯಲ್ಲಿ ತೇಲಿ ಹಂಪಿ ಸೇರುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಅದು ನಿಜವಿದ್ದರೆ, ಅದನ್ನು ಸಾಗಿಸಿದ ಅಂಬಿಗರಿಗೆ ಪರೀಕ್ಷೆಯ ಕಾಟವಂತೂ ಇರಲಿಲ್ಲ. ಈಗ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯಲ್ಲಿ ಪಿಯುಸಿ ವಿಜ್ಞಾನ ಓದಿದವರು ಹಡಗು ಹತ್ತಬೇಕೆಂದರೆ ಒಂದು ದಾರಿ, 2008ರಲ್ಲಿ ಸ್ಥಾಪನೆಯಾದ ಚೆನ್ನೈನ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ತಿಳಿಯದ್ದನ್ನು ಮೊಬೈಲಿನ ಚಾಟ್‌ಬಾಟ್ ಕನ್ನಡದಲ್ಲಿ ಬಿಡಿಸಿ ಹೇಳುತ್ತದೆ. ಇದು ಸಣ್ಣ ಉಪಕಾರವಲ್ಲ.

ಆದರೆ ಅದರ ಬಾಯಲ್ಲಿ ಬಂದದ್ದೆಲ್ಲ ಕಡಲಲ್ಲಿ ನಡೆಯುವುದಿಲ್ಲ. ಎರಡು ಯಂತ್ರಚಾಲಿತ ಹಡಗುಗಳು ಒಂದರ ದಾರಿಗೊಂದು ಅಡ್ಡ ಬರುತ್ತಿವೆ, ಡಿಕ್ಕಿಯ ಭಯವಿದೆ ಎನ್ನಿ. ಕಡಲಲ್ಲಿ ಡಿಕ್ಕಿ ತಡೆಯುವ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲಿ 15ನೆಯದರ ಪ್ರಕಾರ, ಯಾವ ಹಡಗಿನ ಬಲಮಗ್ಗುಲಿಗೆ ಇನ್ನೊಂದು ಕಾಣುತ್ತದೋ ಅದು ದಾರಿ ಬಿಡಬೇಕು. ಸರಿ. ಇದೇ ಪ್ರಶ್ನೆಗೆ ದಟ್ಟ ಮಂಜು ಸೇರಿಸಿ: ಆ ಹಡಗು ಕಣ್ಣಿಗೆ ಬೀಳದು, ರೇಡಾರಿನಲ್ಲಷ್ಟೇ ಇದೆ. ಆಗ 15 ಅನ್ವಯಿಸುವುದಿಲ್ಲ. ಅದು ಪರಸ್ಪರ ಕಣ್ಣಿಗೆ ಕಾಣುವ ಹಡಗುಗಳಿಗೆ. ಮಂಜಿನದ್ದು 19ನೆಯ ನಿಯಮ. ಅಲ್ಲಿ ‘ನೀನು ಬಿಡು, ನಾನು ಹೋಗುತ್ತೇನೆ’ ಎಂಬುದೇ ಇಲ್ಲ. ಅಪಾಯ ಕಂಡ ಪ್ರತಿ ಹಡಗೂ ಸಮಯವಿರುವಾಗಲೇ ತಪ್ಪಿಸಿಕೊಳ್ಳಬೇಕು. ಮುಂದಿರುವುದನ್ನು ತಪ್ಪಿಸಲು ಆದಷ್ಟೂ ಎಡಕ್ಕೆ ತಿರುಗಬಾರದು, ಹಿಂದಿಕ್ಕುವಾಗ ಮಾತ್ರ ವಿನಾಯಿತಿ.

ಚಾಟ್‌ಬಾಟ್ ಎಡವುವುದು ಇಂಥಲ್ಲೇ. ಅದು ಅಪಾರ ಬರಹವನ್ನು ಅರೆದು, ಇಲ್ಲಿಯವರೆಗಿನ ಮಾತಿಗೆ ಮುಂದಿನ ತುಣುಕು ಯಾವುದಿರಬಹುದು ಎಂದು ಲೆಕ್ಕ ಹಾಕುವ ಯಂತ್ರ. ‘ಅಡ್ಡ ಬರುವ ಹಡಗು’ ಎಂದೊಡನೆ ಹೆಚ್ಚು ರೂಢಿಯ ಉತ್ತರದತ್ತ ವಾಲಬಹುದು, ಮಂಜು ಮರೆಯಬಹುದು. ಕೆಲವೊಮ್ಮೆ ಸರಿಯಾಗಿಯೇ ಹೇಳುತ್ತದೆ. ಸರಿಯಿದ್ದಾಗಲೂ ತಪ್ಪಿದ್ದಾಗಲೂ ಗತ್ತು ಒಂದೇ, ಕೇಳಿದ ಊರಿಗೆಲ್ಲ ದಾರಿ ತೋರಿಸುವ ಬಸ್‌ಸ್ಟ್ಯಾಂಡ್ ಪಂಡಿತನ ಹಾಗೆ.

ನನ್ನ ಮಟ್ಟಿಗೆ ಅದು ಉತ್ತರ ಹೇಳುವ ಮೇಷ್ಟ್ರಾಗುವುದಕ್ಕಿಂತ ಪ್ರಶ್ನೆ ಕೇಳುವ ಪರೀಕ್ಷಕನಾಗುವುದು ಲೇಸು. ನಿಯಮದ ಮೂಲಪಾಠವನ್ನೇ ಅದರ ಮುಂದಿಟ್ಟು, ‘ಇದರ ಮೇಲೆ ನನ್ನನ್ನು ಕೇಳು, ಹಗಲು ರಾತ್ರಿ, ಮಂಜು ಮಳೆ ಬದಲಿಸುತ್ತ ಹೋಗು’ ಎನ್ನಬೇಕು. ಅಧಿಕಾರಿಯ ಪ್ರಮಾಣಪತ್ರಕ್ಕೆ ಮೌಖಿಕ ಪರೀಕ್ಷೆಯೂ ಇರುವುದರಿಂದ ಈ ತಾಲೀಮು ದಂಡವಾಗದು. ಉತ್ತರ ತಾಳೆ ನೋಡುವುದು ಮಾತ್ರ ಪುಸ್ತಕದಲ್ಲೇ. ಇನ್ನು ಹಡಗಿನ ಕಾವಲು ಅಧಿಕಾರಿಯಾಗಲು ನಾವಿಕರ ತರಬೇತಿ, ಪ್ರಮಾಣಪತ್ರಗಳ ಅಂತರರಾಷ್ಟ್ರೀಯ ಒಪ್ಪಂದವಾದ ಎಸ್‌ಟಿಸಿಡಬ್ಲ್ಯೂ ಕೇಳುವ ಸಮುದ್ರಸೇವೆ, ಮಾನ್ಯ ತರಬೇತಿಯೊಂದಿಗೆ ಕನಿಷ್ಠ 12 ತಿಂಗಳು. ಅದರಲ್ಲಿ ಒಂದು ದಿನವನ್ನೂ ಯಾವ ಚಾಟ್‌ಬಾಟೂ ಕಳೆಯಲಾರದು.